ಕಾಳು ಆರಿಸಿದರೆ ಸಾಲದು, ಗಿಡ ಆರಿಸಬೇಕು: ತೊಗರಿ ಬೀಜ ಮತ್ತು ವಂಶಗುಣದ ಲೆಕ್ಕ

ಪ್ರಶ್ನೆ (ಆಳಂದ ತಾಲ್ಲೂಕಿನ ಓದುಗರೊಬ್ಬರಿಂದ): ಹನ್ನೆರಡು ವರ್ಷದ ಹಿಂದೆ ತಂದ ಮಾರುತಿ ತಳಿಯ ತೊಗರಿಯನ್ನೇ ಬೀಜಕ್ಕೆ ಇಟ್ಟುಕೊಂಡು ಬಿತ್ತುತ್ತ ಬಂದಿದ್ದೇನೆ. ಪ್ರತಿ ವರ್ಷ ರಾಶಿ ಮುಗಿದ ಮೇಲೆ ಜರಡಿ ಹಿಡಿದು ದಪ್ಪ ಕಾಳನ್ನೇ ಬೀಜಕ್ಕೆ ತೆಗೆಯುತ್ತೇನೆ. ಆದರೂ ಕಾಳು ದಪ್ಪ ಆಗಿಲ್ಲ. ಗಿಡಗಳು ಒಂದೊಂದು ನಮೂನಿ ಆಗಿವೆ, ಕೆಲವು ಹದಿನೈದು ದಿನ ಮೊದಲೇ ಹೂ ಬಿಡುತ್ತವೆ, ನಡುವೆ ಬಿಳಿ ಕಾಳು ಕಾಣಿಸುತ್ತಿದೆ, ಗಿಡ ನಿಂತಲ್ಲೇ ಒಣಗುವ ನೆಟೆ ರೋಗವೂ ಹೆಚ್ಚಿದೆ. ಆಯ್ಕೆ ಮಾಡಿದರೆ ತಳಿ ಸುಧಾರಿಸುತ್ತದೆ ಅನ್ನುತ್ತಾರಲ್ಲ, ನನ್ನ ಹೊಲದಲ್ಲಿ ಯಾಕೆ ಕೆಟ್ಟಿತು? ನಾನೇ ಆಯ್ಕೆ ಮಾಡಿ ಬೀಜ ಸುಧಾರಿಸಲು ಬರುತ್ತದೆಯೇ, ಅಥವಾ ಹೊಸ ಬೀಜ ತರಬೇಕೇ?

ಉತ್ತರ: ನೀವು ಹನ್ನೆರಡು ವರ್ಷ ಮಾಡಿದ್ದು ಆಯ್ಕೆಯೇ. ಆದರೆ ಆರಿಸಿದ್ದು ಕಾಳನ್ನು, ಗಿಡವನ್ನಲ್ಲ. ಅದೂ ರಾಶಿಯಾದ ಮೇಲೆ, ಅಂದರೆ ಯಾವ ಕಾಳು ಯಾವ ಗಿಡದ್ದು ಎಂಬುದು ಅಳಿಸಿಹೋದ ಮೇಲೆ. ಅಷ್ಟರೊಳಗೆ ಜೇನುಹುಳಗಳು ತಮ್ಮ ಪಾಲಿನ ಆಯ್ಕೆ ಮುಗಿಸಿರುತ್ತವೆ. ನಿಮ್ಮ ಹೊಲದಲ್ಲಿ ಕಾಣುವ ನಾಲ್ಕೂ ಬದಲಾವಣೆಗಳಿಗೆ ಕಾರಣದ ದೊಡ್ಡ ಪಾಲು ಇದರಲ್ಲಿದೆ.

ಮೊದಲು ಜರಡಿಯ ವಿಷಯ. ಒಂದೇ ತೊಗರಿ ಗಿಡದಲ್ಲಿ ದಪ್ಪ ಕಾಳೂ ಇರುತ್ತದೆ, ಸಣ್ಣದೂ ಇರುತ್ತದೆ. ಭೂಮಿಯಲ್ಲಿ ಹಸಿ ಇರುವಾಗ ಮೊದಲು ಕಟ್ಟಿದ ಕಾಯಿಯ ಕಾಳು ತುಂಬಿಕೊಳ್ಳುತ್ತದೆ. ಎರೆ ಭೂಮಿ ಬಿರುಕು ಬಿಟ್ಟ ಮೇಲೆ ಕಟ್ಟಿದ್ದು ಸಣ್ಣಗಾಗುತ್ತದೆ. ಈ ಎರಡು ಕಾಳಿಗೂ ತಾಯಿ ಒಂದೇ, ಆ ತಾಯಿಯ ಜೀನುಗಳೇ ಎರಡರಲ್ಲೂ ಇವೆ. ದಪ್ಪ ಕಾಳನ್ನು ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ, ಸಸಿ ಬೇಗ ಚಿಗಿಯುತ್ತದೆ. ಆದರೆ ಮುಂದಿನ ಫಸಲಿನ ಕಾಳು ಅದರಿಂದ ದಪ್ಪ ಆಗುವುದಿಲ್ಲ. ಡೆನ್ಮಾರ್ಕಿನ ವಿಲ್ಹೆಲ್ಮ್ ಜೋಹಾನ್ಸನ್ 1903ರಲ್ಲಿ ಬೀನ್ಸ್ ಮೇಲೆ ಇದನ್ನೇ ತೋರಿಸಿದರು. ಒಂದೊಂದೇ ಕಾಳಿನಿಂದ ಬೆಳೆಸಿ 19 ಶುದ್ಧ ವಂಶಗಳನ್ನು ಮಾಡಿಕೊಂಡು, ಒಂದೊಂದು ವಂಶದೊಳಗೂ ದಪ್ಪ ಕಾಳು, ಸಣ್ಣ ಕಾಳು ಬೇರೆ ಮಾಡಿ ಬಿತ್ತಿದರು. ಎರಡೂ ಕಡೆ ಬಂದ ಫಸಲಿನ ಸರಾಸರಿ ತೂಕ ಹೆಚ್ಚುಕಡಿಮೆ ಒಂದೇ ಆಗಿತ್ತು. ವಂಶ ವಂಶಗಳ ನಡುವೆ ಮಾತ್ರ ವ್ಯತ್ಯಾಸ ಉಳಿಯಿತು. 'ಜೀನ್' ಎಂಬ ಪದವನ್ನು 1909ರಲ್ಲಿ ಬಳಕೆಗೆ ತಂದವರೂ ಇವರೇ. ಜೀನಿನಲ್ಲಿ ಭೇದವಿದ್ದರೆ ಮಾತ್ರ ಆಯ್ಕೆ ಫಲ ಕೊಡುತ್ತದೆ. ಹಸಿ, ಗೊಬ್ಬರ, ಜಾಗದಿಂದ ಬಂದ ಭೇದವನ್ನು ಎಷ್ಟು ವರ್ಷ ಜರಡಿ ಹಿಡಿದರೂ ಅಷ್ಟೇ.

ಜರಡಿಯಿಂದ ಇನ್ನೊಂದು ಸೂಕ್ಷ್ಮ ತೊಂದರೆಯೂ ಇದೆ. ಕಡಿಮೆ ಕಾಯಿ ಹಿಡಿದ ಗಿಡ ಇದ್ದ ಕಾಳುಗಳಿಗೇ ಆಹಾರ ಹೆಚ್ಚು ಹಂಚುತ್ತದೆ, ಹಾಗಾಗಿ ಅದರ ಕಾಳು ದಪ್ಪ. ರಾಶಿಯಿಂದ ದಪ್ಪ ಕಾಳು ತೆಗೆಯುವಾಗ ಇಂಥ ಗಿಡಗಳ ಪಾಲು ನಿಮಗೆ ಗೊತ್ತಿಲ್ಲದೆ ಹೆಚ್ಚುತ್ತದೆ.

ಇನ್ನು ಬಿಳಿ ಕಾಳು. ಇದಕ್ಕೆ ಎರಡು ದಾರಿ. ಒಂದು, ಕಣದಲ್ಲಿ ಅಥವಾ ರಾಶಿ ಯಂತ್ರದಲ್ಲಿ ಬೇರೆಯವರ ಕಾಳು ಬೆರೆತದ್ದು. ಇದು ತೀರ ಸಾಮಾನ್ಯ. ನಿಮ್ಮ ಹೊಲಕ್ಕೆ ಬರುವ ಮೊದಲು ಯಂತ್ರ ಯಾರ ಹೊಲದಲ್ಲಿತ್ತು ಎಂದು ಕೇಳಿಕೊಂಡು, ಮೊದಲ ಒಂದೆರಡು ಚೀಲವನ್ನು ಬೀಜಕ್ಕೆ ಬಳಸದಿದ್ದರೆ ಇದನ್ನು ತಪ್ಪಿಸಬಹುದು. ಇನ್ನೊಂದು ದಾರಿ ಪರಾಗದ್ದು. ಕಾಳಿನ ಸಿಪ್ಪೆ ತಾಯಿ ಗಿಡದ ಅಂಗಾಂಶ, ಒಳಗಿನ ಬೇಳೆ ಮಾತ್ರ ತಾಯಿ ತಂದೆ ಇಬ್ಬರದು. ಹಾಗಾಗಿ ಪಕ್ಕದ ಹೊಲದ ಬಿಳಿ ತೊಗರಿಯ ಪರಾಗ ನಿಮ್ಮ ಕಂದು ಕಾಳಿನ ಗಿಡಕ್ಕೆ ಬಿದ್ದರೆ ಆ ವರ್ಷ ಕಾಳು ಕಂದಾಗಿಯೇ ಇರುತ್ತದೆ, ಜರಡಿಯಲ್ಲೂ ಸಿಗದು, ಕಣ್ಣಿಗೂ ಸಿಗದು. ಸಾಮಾನ್ಯವಾಗಿ ಕಂದು ಬಣ್ಣದ ಜೀನು ಪ್ರಬಲ, ಅಂದರೆ ಜೊತೆಗಿರುವ ಬಿಳಿಯ ಜೀನನ್ನು ಮರೆಮಾಡುವಂಥದ್ದು ಆಗಿರುವುದರಿಂದ ಮುಂದಿನ ವರ್ಷ ಆ ಮಿಶ್ರ ಗಿಡವೂ ಕಂದು ಕಾಳನ್ನೇ ಕೊಡುತ್ತದೆ. ಅದರ ಮಕ್ಕಳಲ್ಲಿ, ಅಂದರೆ ಬೆರಕೆಯಾದ ಮೂರನೇ ಫಸಲಿನಲ್ಲಿ, ಕೆಲವು ಗಿಡಗಳು ಬಿಳಿ ಕಾಳು ಬಿಡುತ್ತವೆ. ನೀವು ಈಗ ನೋಡುತ್ತಿರುವುದು ಎರಡು ವರ್ಷ ಹಿಂದಿನ ಬೆರಕೆ. ಬಿಳಿ ಕಾಳನ್ನು ಕೈಯಿಂದ ಆರಿಸಿ ಬಿಸಾಡಿದರೂ ಅದು ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಬಿಳಿಯ ಜೀನು ಕಂದು ಸಿಪ್ಪೆಯ ಮರೆಯಲ್ಲಿ ದಾಟಿ ಹೋಗುತ್ತಿರುತ್ತದೆ.

ಬೆರಕೆ ಎಷ್ಟರಮಟ್ಟಿಗೆ ಆಗುತ್ತದೆ? ಕಡಲೆ, ಹೆಸರು, ಉದ್ದಿನಲ್ಲಿ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟುವುದು ಹೆಚ್ಚು. ತೊಗರಿ ಹಾಗಲ್ಲ. ಹೂ ಅರಳುವ ಹಿಂದಿನ ದಿನವೇ ಮೊಗ್ಗಿನೊಳಗೆ ಪರಾಗಕೋಶ ಒಡೆಯುತ್ತದೆ ನಿಜ, ಹಾಗಾಗಿ ಹೆಚ್ಚಿನ ಕಾಳು ಸ್ವಂತ ಪರಾಗದ್ದೇ. ಆದರೆ ಹೆಜ್ಜೇನು, ಕೋಲುಜೇನು, ಎಲೆ ಕತ್ತರಿಸುವ ಜೇನು, ಮರ ಕೊರೆಯುವ ಕರಿ ದುಂಬಿ ಬಂದು ಹೂವನ್ನು ಒತ್ತಿ ತೆರೆದಾಗ ಹೊರಗಿನ ಪರಾಗವೂ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ ಶೇ 20ರಿಂದ 30ರಷ್ಟು ಕಾಳು ಪರಪರಾಗದಿಂದ, ಅಂದರೆ ಬೇರೆ ಗಿಡದ ಪರಾಗದಿಂದ ಆಗುತ್ತದೆ. ಜೇನು ಹೆಚ್ಚಿರುವ ಕಡೆ ಇನ್ನೂ ಹೆಚ್ಚು. ಒಂದು ಲೆಕ್ಕ ಹಾಕಿ ನೋಡಿ. ನಿಮ್ಮ ಹೊಲದಲ್ಲಿ ಶೇ 25 ಕಾಳು ಪರಪರಾಗದ್ದು ಎಂದುಕೊಳ್ಳೋಣ. ಅದರಲ್ಲಿ ಐದರಲ್ಲೊಂದು ಪಾಲು ಮಾತ್ರ ಪಕ್ಕದ ಹೊಲದ ಬೇರೆ ತಳಿಯಿಂದ ಬಂತು ಅನ್ನೋಣ. ಅಂದರೆ ವರ್ಷಕ್ಕೆ ಶೇ 5 ಕಾಳು. ಆ ಕಾಳಿನಲ್ಲಿ ಅರ್ಧ ಜೀನು ಹೊರಗಿನದು, ಹಾಗಾಗಿ ವರ್ಷಕ್ಕೆ ಶೇ 2.5 ಹೊರಗಿನ ಜೀನು ಒಳಗೆ ಬರುತ್ತದೆ. ಇದೇ ದರದಲ್ಲಿ ಹನ್ನೆರಡು ವರ್ಷ ನಡೆದರೆ ಶೇ 26ರಷ್ಟು. ನಿಮ್ಮ 'ಮಾರುತಿ'ಯಲ್ಲಿ ನಾಲ್ಕರಲ್ಲೊಂದು ಪಾಲು ಮಾರುತಿ ಅಲ್ಲ. ಗಿಡ ಒಂದೊಂದು ನಮೂನಿ ಆಗಿದ್ದರಲ್ಲಿ ಆಶ್ಚರ್ಯವಿಲ್ಲ.

ಮಾರುತಿ ಹುಟ್ಟಿದ್ದಾದರೂ ಆಯ್ಕೆಯಿಂದಲೇ. ಆಯ್ಕೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮ ಭಾಗದಲ್ಲಿಲ್ಲ. ಮಹಾರಾಷ್ಟ್ರದ ಒಂದು ಸ್ಥಳೀಯ ತೊಗರಿಯನ್ನು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ನೆಟೆ ರೋಗದ ಮಣ್ಣಿನಲ್ಲಿ ಬೆಳೆಸಿ, ಬದುಕಿದ ಒಂಟಿ ಗಿಡಗಳಿಂದ ಶುದ್ಧ ವಂಶ ತೆಗೆದರು. ಐಸಿಪಿ 8863 ಎಂಬ ಸಂಖ್ಯೆಯ ಆ ವಂಶವೇ 1986ರಲ್ಲಿ ಕರ್ನಾಟಕಕ್ಕೆ ಮಾರುತಿ ಎಂದು ಬಿಡುಗಡೆಯಾಯಿತು. ಇಲ್ಲಿ ಯಾರೂ ಹೊಸ ಜೀನು ಸೃಷ್ಟಿಸಲಿಲ್ಲ. ನೆಟೆ ತಡೆಯುವ ಜೀನು ಆ ನಾಡತಳಿಯ ಕೆಲವು ಗಿಡಗಳಲ್ಲಿ ಮೊದಲೇ ಇತ್ತು. ರೋಗದ ಮಣ್ಣು ಉಳಿದವನ್ನು ಕೊಂದಿತು, ಆ ಜೀನಿನ ಪಾಲು ನೂರಕ್ಕೆ ನೂರಾಯಿತು. ಆಯ್ಕೆಯ ಕೆಲಸ ಇಷ್ಟೇ: ಇದ್ದ ಜೀನುಗಳ ಪಾಲನ್ನು ಏರುಪೇರು ಮಾಡುವುದು. ಹೊಸ ಜೀನು ಬರಬೇಕಾದರೆ ರೂಪಾಂತರದಿಂದ (ಜೀನಿನಲ್ಲೇ ಆಗುವ ಬದಲಾವಣೆಯಿಂದ) ಬರಬೇಕು, ಇಲ್ಲವೇ ಬೇರೆ ಗಿಡದೊಡನೆ ಸಂಕರದಿಂದ.

ಅದೇ ಮಾರುತಿ, ಗಿಡ ಹೂವೇ ಬಿಡದಂತೆ ಮಾಡುವ ಗೊಡ್ಡು ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಯಾಕೆ? ನೆಟೆ ರೋಗದ ಮಣ್ಣು ಶಿಲೀಂಧ್ರವನ್ನು ತಡೆದವರಾರು ಎಂದು ಕೇಳಿತೇ ಹೊರತು ಬೇರೇನನ್ನೂ ಕೇಳಲಿಲ್ಲ. ನೆಟೆಗೆ ಕಾರಣ ಫ್ಯುಸೇರಿಯಂ ಉಡಮ್ ಎಂಬ ಮಣ್ಣಿನ ಶಿಲೀಂಧ್ರ. ಗೊಡ್ಡಿಗೆ ಕಾರಣ ಕಣ್ಣಿಗೆ ಕಾಣದಷ್ಟು ಸಣ್ಣ ಅಸೇರಿಯಾ ನುಸಿ ಹೊತ್ತು ತರುವ ವೈರಸ್. ಎರಡನ್ನೂ ತಡೆಯುವ ಜೀನುಗಳು ಬೇರೆ ಬೇರೆ. ಒಂದನ್ನು ಆರಿಸಿದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಒಂದೇ ಗಿಡದಿಂದ ಶುದ್ಧ ವಂಶ ತೆಗೆಯುವಾಗ ಆ ಗಿಡದಲ್ಲಿ ಇಲ್ಲದ್ದೆಲ್ಲ ಒಮ್ಮೆಗೇ ಬಿದ್ದುಹೋಗುತ್ತದೆ. 1993ರ ಆಶಾ (ಐಸಿಪಿಎಲ್ 87119) ಎರಡೂ ರೋಗ ತಡೆಯುತ್ತದೆ, ಏಕೆಂದರೆ ಅದು ಸಂಕರದಿಂದ ಬಂದು ಎರಡೂ ರೋಗದ ಪರೀಕ್ಷೆ ದಾಟಿದ್ದು. ಆದರೆ ಅದು ಮಾರುತಿಗಿಂತ ಎರಡು ಮೂರು ವಾರ ತಡ. ತೆಳು ಮಣ್ಣಿನ ಹೊಲದಲ್ಲಿ ಆ ಎರಡು ವಾರಕ್ಕೆ ಹಸಿ ಉಳಿದಿರುವುದಿಲ್ಲ. ಆಯ್ಕೆಯಲ್ಲಿ ಪುಕ್ಕಟೆ ಏನೂ ಸಿಗುವುದಿಲ್ಲ.

ಬೇಗ ಹೂ ಬಿಡುವ ಗಿಡಗಳ ವಿಷಯವೂ ಇದಕ್ಕೆ ಸೇರಿದ್ದೇ. ಬೇಗ ಅರಳುವ ಗಿಡಕ್ಕೆ ಆ ದಿನಗಳಲ್ಲಿ ಸಿಗುವ ಹೊರಗಿನ ಪರಾಗ ಬೇಗ ಅರಳಿದ ಇತರ ಗಿಡಗಳದ್ದೇ. ತಡವಾದವು ತಡವಾದವುಗಳ ಜೊತೆ. ಹಾಗಾಗಿ ಹೊಲದೊಳಗೆ ನಿಧಾನಕ್ಕೆ ಎರಡು ಗುಂಪು ಏರ್ಪಡುತ್ತವೆ, ನೀವು ಹೇಳಿದ ಹದಿನೈದು ದಿನದ ಅಂತರ ಕಾಣಿಸುತ್ತದೆ. ಮಳೆ ಬೇಗ ನಿಂತ ವರ್ಷಗಳಲ್ಲಿ ಬೇಗ ಬಂದವು ಹೆಚ್ಚು ಕಾಳು ಕೊಟ್ಟಿರುತ್ತವೆ, ರಾಶಿಯಲ್ಲಿ ಅವುಗಳ ಪಾಲು ಏರಿರುತ್ತದೆ. ಅಂದರೆ ನೀವು ಆರಿಸದಿದ್ದರೂ ನಿಮ್ಮ ಹೊಲ ಆರಿಸುತ್ತಿದೆ. ಇದು ಕೆಟ್ಟದ್ದೇ ಆಗಬೇಕಿಲ್ಲ. ಆದರೆ ಬೇಗ ಹೂ ಬಿಡುವ ಗುಣದ ಹಿಂದೆ ಗಿಡ ಗಿಡ್ಡಾಗುವುದು, ಟೊಂಗೆ ಕಡಿಮೆಯಾಗುವುದು ಬರುತ್ತದೆ. ಕೆಲವು ಸಲ ಒಂದೇ ಜೀನು ಎರಡು ಗುಣ ನಡೆಸುತ್ತದೆ, ಕೆಲವು ಸಲ ಎರಡು ಜೀನುಗಳು ಒಂದೇ ವರ್ಣತಂತುವಿನಲ್ಲಿ ಪಕ್ಕಪಕ್ಕ ಕೂತಿರುತ್ತವೆ. ತೊಗರಿಗೆ 11 ಜೋಡಿ ವರ್ಣತಂತುಗಳು. ಒಂದು ಜೀನನ್ನು ಎಳೆದರೆ ಅದರ ನೆರೆಹೊರೆಯೂ ಜೊತೆಗೆ ಬರುತ್ತದೆ, ಬೇಕಾದದ್ದೂ ಬೇಡಾದದ್ದೂ.

ಸಾವಿರಾರು ವರ್ಷದ ಆಯ್ಕೆಯೂ ಹೀಗೇ ಬೆಲೆ ತೆಗೆದುಕೊಂಡಿದೆ. ತೊಗರಿಯ ಮೂಲ ಎಂದು ಒಪ್ಪಿರುವ ಕಾಡು ಗಿಡ ಕಜಾನಸ್ ಕಜಾನಿಫೋಲಿಯಸ್. ಒಡಿಶಾ, ಬಸ್ತಾರ್ ಕಡೆ ಈಗಲೂ ಬೆಳೆಯುತ್ತದೆ. ಕಾಳು ಸಣ್ಣದು, ಕಾಯಿ ಒಣಗಿದರೆ ಸಿಡಿದು ಕಾಳು ಚೆಲ್ಲುತ್ತದೆ. ಸಿಡಿಯದ ಕಾಯಿಯ ಗಿಡವೇ ಕಣಕ್ಕೆ ಬಂದದ್ದರಿಂದ, ಕಣಕ್ಕೆ ಬಂದದ್ದೇ ಮತ್ತೆ ಹೊಲಕ್ಕೆ ಹೋದದ್ದರಿಂದ, ಆ ಗುಣ ನೆಲೆಯಾಯಿತು. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೊಗರಿ ಮತ್ತು ಅದರ ಕಾಡು ಬಂಧುಗಳ 292 ಮಾದರಿಗಳ ಡಿಎನ್‌ಎ ಓದಿದಾಗ, ಕಾಡಿನಿಂದ ನಾಡತಳಿಗೆ, ನಾಡತಳಿಯಿಂದ ಸುಧಾರಿತ ತಳಿಗೆ ಬರುವಷ್ಟರಲ್ಲಿ ವೈವಿಧ್ಯ ಕುಗ್ಗಿರುವುದು ಕಂಡಿತು. ನಿಮ್ಮ ಹೊಲಕ್ಕೆ ಇದರ ಅರ್ಥ: ಹೊಸ ರೋಗ ಬಂದಾಗ ಅದನ್ನು ತಡೆಯುವ ಜೀನು ಒಂದೇ ತಳಿಯೊಳಗೆ ಸಿಗುವ ಸಾಧ್ಯತೆ ಕಡಿಮೆ. ಹಳೆಯ ನಾಡತಳಿ ಯಾರ ಬಳಿಯಾದರೂ ಇದ್ದರೆ ಅರ್ಧ ಸೇರು ಬೀಜವನ್ನಾದರೂ ಉಳಿಸಿಕೊಳ್ಳಿ.

ನೆಟೆ ಹೆಚ್ಚಿದ್ದಕ್ಕೆ ಮೂರು ಕಾರಣಗಳನ್ನು ಬೇರೆ ಬೇರೆ ನೋಡಬೇಕು. ಮೊದಲನೆಯದು ಮೇಲೆ ಹೇಳಿದ ಬೆರಕೆ. ನೆಟೆ ತಡೆಯುವ ಗುಣ ಕೆಲವು ಮೂಲಗಳಲ್ಲಿ ಒಂದು ಜೀನಿನದು, ಕೆಲವದರಲ್ಲಿ ಎರಡರದು. ಆ ಜೀನು ಕೆಲವು ಕಡೆ ಪ್ರಬಲ, ಕೆಲವು ಕಡೆ ದುರ್ಬಲ (ಜೋಡಿಯಲ್ಲಿ ಎರಡೂ ಅದೇ ಆದರೆ ಮಾತ್ರ ಗುಣ ಕಾಣುವಂಥದ್ದು). ದುರ್ಬಲವಾಗಿದ್ದರೆ ಒಮ್ಮೆ ಹೊರಗಿನ ಪರಾಗ ಬಿದ್ದ ಕಾಳಿನ ಗಿಡ ಮುಂದಿನ ವರ್ಷವೇ ಒಣಗುತ್ತದೆ. ಪ್ರಬಲವಾಗಿದ್ದರೆ ರೋಗಕ್ಕೆ ಬೀಳುವ ಗುಣ ಒಂದು ತಲೆಮಾರು ಮರೆಯಲ್ಲಿದ್ದು ಆಮೇಲೆ ಒಡೆದು ಕಾಣುತ್ತದೆ. ಎರಡನೆಯದು ಶಿಲೀಂಧ್ರದ್ದು. ಆಯ್ಕೆ ನಡೆಯುವುದು ತೊಗರಿಯಲ್ಲಷ್ಟೇ ಅಲ್ಲ. ಕೂಳೆಯಲ್ಲಿ ಎರಡು ಮೂರು ವರ್ಷ ಬದುಕಿರುವ ಶಿಲೀಂಧ್ರಕ್ಕೆ ವರ್ಷ ವರ್ಷವೂ ಅದೇ ತಳಿಯನ್ನು ಅದೇ ಹೊಲದಲ್ಲಿ ಉಣ್ಣಿಸಿದರೆ, ಆ ತಳಿಯನ್ನು ಜೀರ್ಣಿಸಿಕೊಳ್ಳಬಲ್ಲ ಶಿಲೀಂಧ್ರದ ಪಾಲು ಏರುತ್ತದೆ. ನೀವು ತೊಗರಿಯನ್ನು ಆರಿಸುತ್ತಿದ್ದರೆ ತೊಗರಿ ಶಿಲೀಂಧ್ರವನ್ನು ಆರಿಸುತ್ತಿರುತ್ತದೆ.

ಮೂರನೆಯದನ್ನು ಹಲವರು ತಪ್ಪಾಗಿ ಓದುತ್ತಾರೆ. ಒಣಗಿದ್ದೆಲ್ಲ ನೆಟೆ ಅಲ್ಲ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ ತೊಗರಿ ಒಣಗಿದ್ದು ದೊಡ್ಡ ಸುದ್ದಿಯಾದ ಮೇಲಂತೂ ಯಾವ ಗಿಡ ಒಣಗಿದರೂ ನೆಟೆ ಎನ್ನುವುದು ರೂಢಿಯಾಗಿದೆ. ಗಿಡ ಕಿತ್ತು ನೋಡಿ. ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಬಣ್ಣದ ಪಟ್ಟಿ ಇದ್ದು, ಸಿಪ್ಪೆ ಸುಲಿದು ಸೀಳಿದಾಗ ಒಳಗೆ ಕಂದು ಅಥವಾ ಕರಿ ಗೆರೆ ಕಂಡರೆ ಅದು ನೆಟೆ. ಒಂದು ಕಡೆಯ ಟೊಂಗೆ ಮಾತ್ರ ಒಣಗುವುದೂ ನೆಟೆಯ ಗುರುತು. ಬೇರು ಪುಡಿಪುಡಿಯಾಗಿ ಮುರಿದು, ಬೇರಿನ ಸಿಪ್ಪೆ ಚಿಂದಿಯಾಗಿ ಕಳಚಿ, ಒಳಗೆ ಸಾಸಿವೆಗಿಂತ ಬಹಳ ಸಣ್ಣ ಕರಿ ಚುಕ್ಕೆಗಳಿದ್ದರೆ ಅದು ಒಣ ಬೇರು ಕೊಳೆ, ಬಿಸಿಲು ಮತ್ತು ಹಸಿ ಕೊರತೆಯಲ್ಲಿ ಬರುವ ಬೇರೊಂದು ಶಿಲೀಂಧ್ರದ್ದು. ನೆಟೆ ತಡೆಯುವ ತಳಿ ಅದನ್ನು ತಡೆಯಬೇಕೆಂದಿಲ್ಲ. ನೀರು ನಿಂತ ತಗ್ಗಿನಲ್ಲಿ ಎಳೆ ಗಿಡ ಸತ್ತರೆ ಅದೂ ಬೇರೆಯೇ. ರೋಗ ತಪ್ಪಾಗಿ ಗುರುತಿಸಿದರೆ ಆಯ್ಕೆಯೂ ತಪ್ಪು ದಾರಿ ಹಿಡಿಯುತ್ತದೆ.

ಈಗ ನೀವೇ ಆಯ್ಕೆ ಮಾಡಬಹುದೇ ಎಂಬ ಪ್ರಶ್ನೆ. ಮಾಡಬಹುದು, ಮೂರು ನಾಲ್ಕು ಹಂಗಾಮು ತಾಳ್ಮೆ ಇದ್ದರೆ. ಬೆರಕೆಯಾದ ನಿಮ್ಮ ಬೀಜ ಒಂದು ರೀತಿಯಲ್ಲಿ ಕಚ್ಚಾ ಮಾಲು, ಭೇದ ಇದ್ದಲ್ಲೇ ಆಯ್ಕೆಗೆ ಕೆಲಸ. ಆದರೆ ಎಷ್ಟು ಲಾಭ ಬರುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಹೊಲದ ಸರಾಸರಿ ಗಿಡಕ್ಕೆ 120 ಕಾಯಿ, ನೀವು ಆರಿಸಿದ ಗಿಡಗಳ ಸರಾಸರಿ 200 ಎಂದುಕೊಳ್ಳಿ. ವ್ಯತ್ಯಾಸ 80. ಈ 80ರಲ್ಲಿ ಬಹುಪಾಲು ಮಣ್ಣು, ಗೊಬ್ಬರ, ಜಾಗದ ಕೊಡುಗೆ. ಜೀನಿನಿಂದ ಮಕ್ಕಳಿಗೆ ದಾಟುವ ಪಾಲನ್ನು ಅನುವಂಶೀಯತೆ ಎನ್ನುತ್ತಾರೆ. ಅದು ಕಾಲು ಭಾಗ ಎಂದು ಹಿಡಿದರೆ ಮುಂದಿನ ಪೀಳಿಗೆಯ ಸರಾಸರಿ ಏರುವುದು 20 ಕಾಯಿ, ಅಂದರೆ 140. 200 ಅಲ್ಲ. ಹೊರಗಿನ ಪರಾಗ ಬಿದ್ದ ಶೇ 25 ಕಾಳಿನಲ್ಲಿ ತಾಯಿ ಮಾತ್ರ ಆರಿಸಿದ್ದು, ತಂದೆ ಯಾರೋ. ಹಾಗಾಗಿ ಅಲ್ಲಿ ಲಾಭ ಅರ್ಧ. ಒಟ್ಟು ಸೇರಿ 17, 18 ಕಾಯಿ. ಹೂ ಬಿಡುವ ದಿನ, ಕಾಳಿನ ತೂಕ, ಕಾಳಿನ ಬಣ್ಣಗಳಲ್ಲಿ ಅನುವಂಶೀಯತೆ ಹೆಚ್ಚು, ಕಣ್ಣಿನಿಂದ ಆರಿಸಿದ್ದು ಮಕ್ಕಳಲ್ಲಿ ಸಿಗುತ್ತದೆ. ಇಳುವರಿಯಲ್ಲಿ ಕಡಿಮೆ. ಆದ್ದರಿಂದ ಇಳುವರಿಯನ್ನು ಒಂಟಿ ಗಿಡ ನೋಡಿ ತೀರ್ಮಾನಿಸಬೇಡಿ, ಅದರ ಮಕ್ಕಳ ಸಾಲು ನೋಡಿ ತೀರ್ಮಾನಿಸಿ.

ಮೊದಲ ಹಂಗಾಮು. ಗಿಡ ಆರಿಸುವಾಗ ಬದುವಿನ ಪಕ್ಕದ ಎರಡು ಸಾಲು, ಗೊಬ್ಬರದ ತಿಪ್ಪೆ ಇದ್ದ ಜಾಗ, ಅಕ್ಕಪಕ್ಕ ಗಿಡ ಸತ್ತು ತೆರಪಾದ ಜಾಗ ಬಿಟ್ಟುಬಿಡಿ. ಅಲ್ಲಿ ಎಂಥ ಗಿಡವೂ ಕಾಯಿ ಹೆಚ್ಚು ಹಿಡಿಯುತ್ತದೆ. ಹೊಲವನ್ನು ಸಮನಾದ ಹತ್ತು ಚೌಕಗಳಾಗಿ ಮನಸ್ಸಿನಲ್ಲೇ ಹಂಚಿ, ಪ್ರತಿ ಚೌಕದಿಂದ ಮೂರು ಗಿಡ ತೆಗೆಯಿರಿ. ಒಳ್ಳೆ ಮಣ್ಣಿನ ಮೂಲೆಯಿಂದಲೇ ಮೂವತ್ತೂ ಬರುವುದು ಇದರಿಂದ ತಪ್ಪುತ್ತದೆ. ಗಾರ್ಡ್ನರ್ ಎಂಬ ವಿಜ್ಞಾನಿ 1961ರಲ್ಲಿ ಮೆಕ್ಕೆಜೋಳಕ್ಕೆ ಹೇಳಿದ ಉಪಾಯ ಇದು, ತೊಗರಿಗೂ ನಡೆಯುತ್ತದೆ. ಕುಡಿ ಚಿವುಟುವ ರೂಢಿ ಇದ್ದರೆ ಇಡೀ ಹೊಲದಲ್ಲಿ ಒಂದೇ ಸಲ ಚಿವುಟಿ ಅಥವಾ ಆಯ್ಕೆಯ ಜಾಗದಲ್ಲಿ ಚಿವುಟಲೇಬೇಡಿ. ಅರ್ಧ ಹೊಲ ಚಿವುಟಿ ಅರ್ಧ ಬಿಟ್ಟರೆ ಟೊಂಗೆಯ ಲೆಕ್ಕ ಸುಳ್ಳಾಗುತ್ತದೆ.

ಗಿಡ ಗುರುತು ಹಾಕುವ ಹೊತ್ತು ಮುಖ್ಯ. ಕೊಯ್ಲಿನಲ್ಲಿ ಅಲ್ಲ, ಮೊಗ್ಗು ಬಂದು ಹೂ ಇನ್ನೂ ಅರಳದಿರುವಾಗ. ಆಗ ಚೌಕಕ್ಕೆ ಐದರಂತೆ ಐವತ್ತು ಗಿಡಕ್ಕೆ ಬಟ್ಟೆ ಚೂರು ಕಟ್ಟಿ, ಕಾಯಿ ಕಟ್ಟಿದ ಮೇಲೆ ಚೌಕಕ್ಕೆ ಮೂರರಂತೆ ಮೂವತ್ತಕ್ಕೆ ಇಳಿಸಿ. ಪ್ರತಿ ಗಿಡದ ಎರಡು ಟೊಂಗೆಗೆ ಸೊಳ್ಳೆ ಪರದೆ ಬಟ್ಟೆಯ ಚೀಲ ಹೊಲಿಸಿ ಕಟ್ಟಿ. ಕಟ್ಟುವ ಮೊದಲು ಅರಳಿದ ಹೂ, ಆಗಲೇ ಕಟ್ಟಿದ ಎಳೆಕಾಯಿ ಎಲ್ಲವನ್ನೂ ಕಿತ್ತು ಹಾಕಿ, ಅವಕ್ಕೆ ಪರಾಗ ಬಿದ್ದಾಗಿದೆ. ಕಾಯಿಕೊರಕದ ತತ್ತಿ, ಮರಿಹುಳು ಇವೆಯೇ ಎಂದು ಟೊಂಗೆ ತಿರುವಿ ನೋಡಿ. ಒಂದೇ ಒಂದು ಹಸಿರು ಹುಳು ಚೀಲದೊಳಗೆ ಉಳಿದರೆ ಇಡೀ ಟೊಂಗೆ ಖಾಲಿ ಮಾಡುತ್ತದೆ. ಹೀಗೆ ಕೆಡುವ ಚೀಲಗಳೇ ಹೆಚ್ಚು. ಬಾಯಿಯನ್ನು ಹತ್ತಿ ಸುತ್ತಿ ಕಟ್ಟಿದರೆ ಇರುವೆ, ಹುಳು ನುಸುಳುವುದಿಲ್ಲ, ಟೊಂಗೆಯ ಸಿಪ್ಪೆಯೂ ಕೊಯ್ಯುವುದಿಲ್ಲ. ತೊಗರಿಯಲ್ಲಿ ಹೂವಿನ ಬಹುಪಾಲು ಹೇಗೂ ಉದುರುತ್ತದೆ, ಚೀಲದೊಳಗೆ ಉದುರಿದ್ದು ಕಂಡು ಗಾಬರಿಯಾಗಬೇಡಿ. ವಾರಕ್ಕೊಮ್ಮೆ ಚೀಲವನ್ನು ಅಲುಗಿಸಿ ಉದುರಿದ್ದನ್ನು ತೆಗೆಯಿರಿ, ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ಎರಡು ಟೊಂಗೆಯಿಂದ 40 ಕಾಯಿ ಸಿಕ್ಕಿದರೆ ಸುಮಾರು 150 ಕಾಳು. ಅಷ್ಟು ಸಾಕು. ಪ್ರತಿ ಗಿಡದ ಕಾಳನ್ನು ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಸಂಖ್ಯೆ, ಹೂ ಬಿಟ್ಟ ದಿನ, ಕಾಯಿ ಬಣ್ಣ ಬರೆದಿಡಿ. ಎರಡು ಗಿಡದ ಕಾಳು ಒಮ್ಮೆ ಬೆರೆತರೆ ಆ ಎರಡೂ ಹೋದವು ಅಂತಲೇ ತಿಳಿಯಿರಿ.

ಎರಡನೇ ಹಂಗಾಮಿನಲ್ಲಿ ಪ್ರತಿ ಲಕೋಟೆಯಿಂದ 20 ಕಾಳು ಒಳ್ಳೆ ಮಣ್ಣಿನಲ್ಲಿ, 20 ಕಾಳು ನೆಟೆ ಬರುವ ತುಂಡಿನಲ್ಲಿ ಬಿತ್ತಿ. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20. ಆಗ ಒಂದೊಂದು ತುಂಡಿನಲ್ಲೂ ಒಂದು ಲಕೋಟೆಗೆ 4 ಮೀಟರ್ ಸಾಲು. ಮೂವತ್ತು ಸಾಲಿಗೆ 108 ಚದರ ಮೀಟರ್, ಹತ್ತಿರ ಹತ್ತಿರ ಒಂದು ಗುಂಟೆ. ಉಳಿದ 110 ಕಾಳು ಲಕೋಟೆಯಲ್ಲೇ ಇರಲಿ, ಮುಟ್ಟಬೇಡಿ. ಇಡೀ ಕ್ರಮದ ಗುಟ್ಟು ಇದರಲ್ಲಿದೆ: ಪರೀಕ್ಷೆಯ ಸಾಲಿನಲ್ಲಿ ಬೆಳೆದ ಕಾಳಿಗೆ ಜೇನು ಮತ್ತೆ ಬೆರಕೆ ಮಾಡಿರುತ್ತದೆ, ಅದು ಬೀಜಕ್ಕೆ ಬಾರದು. ಯಾವ ಸಾಲು ಗೆದ್ದಿತೋ ಅದರ ಲಕೋಟೆಯನ್ನು ಆಮೇಲೆ ತೆರೆಯುವುದು.

ನೆಟೆ ತುಂಡಿಗೆ ಬೇರೆ ಕಡೆಯಿಂದ ಒಣಗಿದ ಗಿಡ ತಂದು ಹೂಳಿ ಹೊಸದಾಗಿ ರೋಗ ತರಿಸಬೇಡಿ, ಅದು ಸಂಶೋಧನಾ ಕೇಂದ್ರದ ಕೆಲಸ. ನಿಮ್ಮಲ್ಲಿ ಈಗಾಗಲೇ ಗಿಡ ಸಾಯುವ ಜಾಗ ಇದ್ದರೆ ಅದೇ ಸಾಕು. ಹಿಂದಿನ ವರ್ಷ ಜೋಳ ಹಾಕಿದ ತುಂಡು ಬೇಡ, ಜೋಳದ ನಂತರ ನೆಟೆ ತಗ್ಗಿರುತ್ತದೆ. ಈ ತುಂಡಿನ ಬೀಜಕ್ಕೆ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಹಚ್ಚಬೇಡಿ, ಹಚ್ಚಿದರೆ ಪರೀಕ್ಷೆ ಆಗುವುದು ಜೀನಿನದಲ್ಲ, ಟ್ರೈಕೋಡರ್ಮಾದ್ದು. ಪ್ರತಿ ಹತ್ತು ಸಾಲಿಗೆ ಒಂದು ಸಾಲು, ನೆಟೆಗೆ ಸುಲಭವಾಗಿ ಬೀಳುವ ಹಳೆ ತೊಗರಿ ಯಾವುದಾದರೂ ಹಾಕಿ. ಕೊಯ್ಲಿನ ಹೊತ್ತಿಗೆ ಆ ಸಾಲಿನಲ್ಲಿ ಸತ್ತ ಗಿಡ ಇಪ್ಪತ್ತರಲ್ಲಿ ಹದಿನಾರಕ್ಕಿಂತ ಕಡಿಮೆ ಇದ್ದರೆ ಆ ವರ್ಷದ ಪರೀಕ್ಷೆ ಲೆಕ್ಕಕ್ಕಿಲ್ಲ. ಅಲ್ಲಿ ರೋಗವೇ ಸರಿಯಾಗಿ ಇರಲಿಲ್ಲ, ಬದುಕಿದ ಗಿಡಗಳು ತಪ್ಪಿಸಿಕೊಂಡವೇ ಹೊರತು ತಡೆದವಲ್ಲ. ಇಪ್ಪತ್ತರಲ್ಲಿ ಎರಡಕ್ಕಿಂತ ಹೆಚ್ಚು ಗಿಡ ಸತ್ತ ಸಾಲನ್ನು ಕೈಬಿಡಿ. ಎಣಿಕೆ ಒಮ್ಮೆ ಹೂವಿನ ಹೊತ್ತಿಗೆ, ಇನ್ನೊಮ್ಮೆ ಕಾಯಿ ಬಲಿತಾಗ. ನೆಟೆ ಹೆಚ್ಚು ಕಾಣಿಸುವುದು ಈ ಎರಡರ ನಡುವೆ.

ಒಳ್ಳೆ ಮಣ್ಣಿನ ಸಾಲುಗಳಲ್ಲಿ ನೋಡಬೇಕಾದ್ದು ಸಮಾನತೆ. ಒಂದು ಸಾಲಿನ ಇಪ್ಪತ್ತೂ ಗಿಡ ನಾಲ್ಕೈದು ದಿನದೊಳಗೆ ಹೂ ಬಿಟ್ಟು, ಒಂದೇ ಎತ್ತರ, ಒಂದೇ ಬಣ್ಣದ ಹೂ ಕಾಯಿ ಇದ್ದರೆ ತಾಯಿ ಬಹುಮಟ್ಟಿಗೆ ಶುದ್ಧ. ಸಾಲಿನೊಳಗೇ ನಾಲ್ಕು ನಮೂನಿ ಕಂಡರೆ ಆ ತಾಯಿಯೇ ಬೆರಕೆ. ಬೆರಕೆಯಾದ ಗಿಡ ತನ್ನ ಪರಾಗದಿಂದ ಕಾಳು ಕಟ್ಟಿದಾಗ ಭಿನ್ನ ಜೋಡಿಗಳು (ತಾಯಿಯಿಂದ ಬಂದ ಜೀನು ಒಂದು ಬಗೆ, ತಂದೆಯಿಂದ ಬಂದದ್ದು ಇನ್ನೊಂದು ಬಗೆ ಇರುವ ಜೋಡಿಗಳು) ಪ್ರತಿ ತಲೆಮಾರಿಗೆ ಅರ್ಧಕ್ಕೆ ಇಳಿಯುತ್ತವೆ: ಶೇ 100, 50, 25, 12.5, 6.25. ಇಂಥ ಸಾಲು ನೆಟೆ ತಡೆದು ಕಾಯಿಯೂ ಚೆನ್ನಾಗಿದ್ದರೆ ಬಿಸಾಡಬೇಡಿ, ಅದರೊಳಗೆ ಮತ್ತೆ ಗಿಡ ಆರಿಸಿ ಚೀಲ ಕಟ್ಟಿ. ಆದರೆ ಅದು ಒಂದು ಜಾತಿಗೆ ನಿಲ್ಲಲು ಇನ್ನೂ ನಾಲ್ಕೈದು ವರ್ಷ ಬೇಕು ಎಂಬುದು ಗೊತ್ತಿರಲಿ.

ಗೊಡ್ಡು ರೋಗಕ್ಕೂ ಒಂದು ಕಣ್ಣಿಡಿ. ಎಲೆ ಚಿಕ್ಕದಾಗಿ, ತಿಳಿ ಹಸಿರು ಮಚ್ಚೆಯಾಗಿ, ಗಿಡ ಪೊದೆಯಂತಾಗಿ ಹೂವೇ ಬಿಡದಿದ್ದರೆ ಅದು ಗೊಡ್ಡು. ಅಂಥ ಗಿಡವನ್ನು ಕಂಡ ದಿನವೇ ಕಿತ್ತು ಸುಡಬೇಕು. ಬದುವಿನ ಮೇಲೆ, ಬಾವಿ ಕಡೆ ಎರಡನೇ ವರ್ಷಕ್ಕೆ ಉಳಿದ ತೊಗರಿ ಗಿಡಗಳಲ್ಲಿ ನುಸಿ ಮತ್ತು ವೈರಸ್ ಎರಡೂ ಉಳಿದಿರುತ್ತವೆ. ಶಹಾಪುರ, ಸುರಪುರದ ಕಾಲುವೆ ನೀರಿನ ಹೊಲದವರು, ಬೀದರಿನಲ್ಲಿ ಕಬ್ಬಿನ ಮಗ್ಗುಲಿಗೆ ತೊಗರಿ ಹಾಕುವವರು ಇದನ್ನು ಹೆಚ್ಚು ನೋಡಿಕೊಳ್ಳಬೇಕು.

ಮೂರನೇ ಹಂಗಾಮಿಗೆ ಎಂಟು ಹತ್ತು ಸಾಲು ಉಳಿದರೆ ಅದೃಷ್ಟ. ಹೂ ಬಿಡುವ ದಿನ, ಕಾಳಿನ ಬಣ್ಣ ಹತ್ತಿರ ಹತ್ತಿರ ಇರುವವನ್ನು ಸೇರಿಸಿ, ಅವುಗಳ ಲಕೋಟೆಯ ಕಾಳನ್ನು ಒಟ್ಟಿಗೆ ಬಿತ್ತಿ. ಎಂಟು ಲಕೋಟೆಯಿಂದ 880 ಕಾಳು, ತೂಕದಲ್ಲಿ ನೂರು ಗ್ರಾಮಿಗೂ ಕಡಿಮೆ. ಅದರಲ್ಲಿ 700 ಗಿಡ ಬಂದು ಗಿಡಕ್ಕೆ 50 ಗ್ರಾಂ ಕೊಟ್ಟರೂ 35 ಕಿಲೋ. ಎಕರೆಗೆ 5 ಕಿಲೋದಂತೆ ಏಳು ಎಕರೆಗೆ ಬೀಜ. ಈ ತುಂಡು ಬೇರೆ ಯಾವ ತೊಗರಿಯಿಂದಲೂ ಕನಿಷ್ಠ 100 ಮೀಟರ್ ದೂರ ಇರಬೇಕು, ಪ್ರಮಾಣಿತ ಬೀಜಕ್ಕೂ ಕೇಳುವ ದೂರ ಅದೇ. ಇನ್ನೂ ದೂರ ಆದರೆ ಇನ್ನೂ ಒಳ್ಳೆಯದು. ಬೇರೆ ನಮೂನಿಯ ಗಿಡ ಕಂಡರೆ ಹೂ ಅರಳುವ ಮೊದಲೇ ಕೀಳಬೇಕು. ಕಾಯಿ ಕಟ್ಟಿದ ಮೇಲೆ ಕಿತ್ತರೆ ಅದರ ಪರಾಗ ಆಗಲೇ ಹೊಲವೆಲ್ಲ ಹಂಚಿಹೋಗಿರುತ್ತದೆ.

ಎಂಟು ಹತ್ತು ಸಾಲು ಸೇರಿಸುವುದು ಯಾಕೆ, ಎಲ್ಲಕ್ಕಿಂತ ಒಳ್ಳೆಯದೊಂದನ್ನೇ ಯಾಕೆ ಇಟ್ಟುಕೊಳ್ಳಬಾರದು ಎಂದು ಕೇಳಬಹುದು. ಒಂದನ್ನೇ ಇಟ್ಟರೆ ಹೊಲ ಒಂದೇ ಸಮ ಕಾಣುತ್ತದೆ, ವ್ಯಾಪಾರಿಗೂ ಇಷ್ಟ. ಆದರೆ ಮಾರುತಿಯ ಗೊಡ್ಡು ರೋಗದ ಕಥೆ ಮತ್ತೆ ನಡೆಯುತ್ತದೆ. ಪೀಳಿಗೆಯಿಂದ ಪೀಳಿಗೆಗೆ ಬರೀ ಐದು ಗಿಡದ ಬೀಜ ಇಟ್ಟರೆ ವೈವಿಧ್ಯದ ಶೇ 10ರಷ್ಟು ಪ್ರತಿ ಸಲ ಬರಿ ಆಕಸ್ಮಿಕದಿಂದಲೇ ಕಳೆಯುತ್ತದೆ. ಐವತ್ತು ಗಿಡ ಇಟ್ಟರೆ ಶೇ 1. ತೊಗರಿಯಲ್ಲಿ ಸ್ವಂತ ಪರಾಗವೇ ಹೆಚ್ಚಾದ್ದರಿಂದ ನಷ್ಟ ಇನ್ನೂ ತುಸು ಹೆಚ್ಚೇ. ಆದ್ದರಿಂದ ನಂತರದ ವರ್ಷಗಳಲ್ಲಿ ಬೀಜಕ್ಕೆ ನೂರು ಒಳ್ಳೆ ಗಿಡ ಗುರುತಿಸಿ, ಎಲ್ಲದರಿಂದಲೂ ಸಮನಾಗಿ ಕಾಳು ತೆಗೆದು ಕೂಡಿಸಿ. ಗಿಡಕ್ಕೆ 50 ಗ್ರಾಂ ಎಂದರೂ 5 ಕಿಲೋ, ಎಕರೆಯ ಬೀಜ ಆಯಿತು.

ಹೈಬ್ರಿಡ್ ತೊಗರಿ ಬೀಜ ಸಿಕ್ಕಿ ಬೆಳೆದರೆ ಅದರ ಕಾಳನ್ನು ಬೀಜಕ್ಕೆ ಇಡಬೇಡಿ. ಮುಂದಿನ ವರ್ಷ ಗುಣಗಳು ಒಡೆಯುತ್ತವೆ. ಉಳಿದ ತಳಿಗಳ ಬೀಜ ಇಟ್ಟುಕೊಳ್ಳಲು, ಬಿತ್ತಲು, ಕೊಡುಕೊಳ್ಳಲು, ಮಾರಲು 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಅವಕಾಶ ಕೊಡುತ್ತದೆ, ಬ್ರಾಂಡ್ ಹೆಸರು ಹಾಕಿ ಮಾತ್ರ ಮಾರುವಂತಿಲ್ಲ.

ಹೊಸ ಬೀಜ ತರಬೇಕೇ? ಈ ವರ್ಷದ ಮುಖ್ಯ ಹೊಲಕ್ಕೆ ತನ್ನಿ. ನಾಲ್ಕರಲ್ಲೊಂದು ಪಾಲು ಬೆರಕೆಯಾದ, ನೆಟೆ ಹಿಡಿದ ಬೀಜವನ್ನು ಇಡೀ ಹೊಲಕ್ಕೆ ಬಿತ್ತಿ ಅದರಲ್ಲೇ ಆಯ್ಕೆ ಮಾಡುತ್ತ ಕೂಡುವುದು ದುಬಾರಿ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಟಿಎಸ್-3ಆರ್ ನೆಟೆ ತಡೆಯುವ ತಳಿ. ಗೊಡ್ಡು ರೋಗವೂ ಬರುವ ಹೊಲವಾದರೆ ಎರಡನ್ನೂ ತಡೆಯುವ ಜಿಆರ್‌ಜಿ-811 ಕೇಳಿ ನೋಡಿ. ಹೊಸ ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚಿ, ನೆಟೆ ತುಂಡನ್ನು ಬಿಟ್ಟು ಬಿತ್ತಿ, ಅಕ್ಕಡಿಗೆ ಹೆಸರೋ ಉದ್ದೋ ಇರಲಿ. ಹಳೆ ಬೀಜದಲ್ಲಿ ಎರಡು ಕಿಲೋ ಮಾತ್ರ ಉಳಿಸಿಕೊಂಡು, ಹೊಸ ತಳಿಯಿಂದ ಆದಷ್ಟು ದೂರದಲ್ಲಿ, ಊರ ಇನ್ನೊಂದು ದಿಕ್ಕಿನ ತುಂಡಿದ್ದರೆ ಅಲ್ಲಿ, ಹದಿನೈದು ಗುಂಟೆಗೆ ಹಾಕಿ ಮೇಲಿನ ಕೆಲಸ ಶುರು ಮಾಡಿ. ಐವತ್ತು ಗಿಡಕ್ಕೆ ಎರಡೆರಡರಂತೆ ನೂರು ಚೀಲ ಬೇಕಾಗುತ್ತವೆ. ಅವನ್ನು ಹೂವಿನ ಕಾಲಕ್ಕೆ ಹೊಲಿಸಲು ಹೊರಟರೆ ತಡವಾಗುತ್ತದೆ, ಬಿತ್ತನೆ ಮುಗಿದ ವಾರದಲ್ಲೇ ಹೊಲಿಸಿಡಿ.